ಊರಿನ ದುಡ್ಡು ಊರಲ್ಲಿ ಎಷ್ಟು ಕೈ ದಾಟುತ್ತದೆ?

2011ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ನಗರಕ್ಕೆ ದೊಡ್ಡ ಪೆಟ್ಟು ಬಿತ್ತು. ಊರಿನ ನಟ್ಟನಡುವೆ ಸುಮಾರು 70 ಕೋಟಿ ಪೌಂಡ್ ಖರ್ಚಿನ ಶಾಪಿಂಗ್ ಕೇಂದ್ರ ಬರಬೇಕಿತ್ತು. ಟೈದ್‌ಬಾರ್ನ್ ಯೋಜನೆ ಅಂತ ಅದರ ಹೆಸರು. ನಗರಾಡಳಿತ ವರ್ಷಗಟ್ಟಲೆ ಅದನ್ನೇ ನಂಬಿಕೊಂಡಿತ್ತು. ಅಲ್ಲಿ ದೊಡ್ಡ ಮಳಿಗೆ ತೆರೆಯಬೇಕಿದ್ದ ಜಾನ್ ಲೂಯಿಸ್ ಕಂಪನಿ ಹಿಂದೆ ಸರಿಯಿತು, ಯೋಜನೆ ನಿಂತೇ ಹೋಯಿತು. ಅದೇ ಹೊತ್ತಿಗೆ ಸರ್ಕಾರ ನಗರಾಡಳಿತಗಳ ಅನುದಾನಕ್ಕೂ ಕತ್ತರಿ ಹಾಕುತ್ತಿತ್ತು.

ಆಗ ಸುಮಾರು 1.4 ಲಕ್ಷ ಜನರಿದ್ದ ಊರು ಅದು, ಲ್ಯಾಂಕಾಶೈರ್ ಸೀಮೆಯ ಹಳೆಯ ಹತ್ತಿ ಗಿರಣಿಗಳ ಊರು. ಅದಕ್ಕೂ ನಮಗೂ ಒಂದು ನಂಟಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಬರುವುದು ನಿಂತಿತು. ಲ್ಯಾಂಕಾಶೈರಿನ ಗಿರಣಿಗಳು ಮುಚ್ಚಿದವು, ಕೂಲಿಯವರ ಮನೆಯಲ್ಲಿ ಒಲೆ ಉರಿಯಲಿಲ್ಲ. ಆಗ ಅಲ್ಲಿನ ವ್ಯಾಪಾರಿಗಳ ಕಣ್ಣು ನಮ್ಮ ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದನ್ನು ಘಟ್ಟ ಇಳಿಸಿ ಕಾರವಾರದಿಂದ ಹಡಗಿಗೆ ಹಾಕುವ ಲೆಕ್ಕಾಚಾರ ನಡೆಯಿತು. ಹೊರಗಿನಿಂದ ಬರುವ ಒಂದೇ ವಸ್ತುವನ್ನು ನೆಚ್ಚಿಕೊಂಡರೆ ಏನಾಗುತ್ತದೆ ಅನ್ನುವುದು ಪ್ರೆಸ್ಟನ್‌ಗೆ ಹೊಸ ಪಾಠವೇನಲ್ಲ.

ಊರು ಬೆಳೆಯಬೇಕು ಅಂದರೆ ನಗರಾಡಳಿತಗಳು ಸಾಮಾನ್ಯವಾಗಿ ಏನು ಮಾಡುತ್ತವೆ? ಹೊರಗಿನ ದೊಡ್ಡ ಕಂಪನಿಯನ್ನು ಕರೆಯುತ್ತವೆ. ಜಾಗ ಕೊಡುತ್ತವೆ, ತೆರಿಗೆ ಬಿಡುತ್ತವೆ. ಪ್ರೆಸ್ಟನ್‌ನಲ್ಲಿ ಆ ದಾರಿ ಮುಚ್ಚಿತ್ತು. ಹಾಗಾಗಿ ಕೌನ್ಸಿಲರ್ ಮ್ಯಾಥ್ಯೂ ಬ್ರೌನ್ ಮತ್ತು ಜೊತೆಗಾರರು ಮ್ಯಾಂಚೆಸ್ಟರಿನ ಒಂದು ಆರ್ಥಿಕ ಅಧ್ಯಯನ ಸಂಸ್ಥೆಯ ನೆರವು ಪಡೆದು ಬೇರೆಯೇ ಪ್ರಶ್ನೆ ಎತ್ತಿದರು: ಈ ಊರು ಬಿಟ್ಟು ಹೋಗಲಾರದವರು ಯಾರು? ಕಂಪನಿ ಗಂಟುಮೂಟೆ ಕಟ್ಟಬಹುದು. ಪೊಲೀಸ್ ಇಲಾಖೆ, ಕಾಲೇಜು, ಕೌಂಟಿ ಆಡಳಿತ (ನಮ್ಮ ಜಿಲ್ಲಾಡಳಿತದಂಥದು, ಇಲ್ಲಿ ಲ್ಯಾಂಕಾಶೈರಿನದು), ಬಡವರಿಗೆ ಮನೆ ಬಾಡಿಗೆ ಕೊಡುವ ಸಂಸ್ಥೆ ಎಲ್ಲಿಗೂ ಹೋಗುವುದಿಲ್ಲ. ಇವನ್ನು ಲಂಗರು ಸಂಸ್ಥೆಗಳು ಅಂತ ಕರೆಯುತ್ತಾರೆ. ಇವುಗಳ ಖರೀದಿ ಲೆಕ್ಕವನ್ನೆಲ್ಲ ಬಿಚ್ಚಿ, ಯಾರಿಗೆ ಎಷ್ಟು ಪಾವತಿಯಾಗಿದೆ, ಅವರು ಎಲ್ಲಿಯವರು ಅಂತ ನೋಡಿದರು.

ನನ್ನ ಪ್ರಕಾರ ಇಡೀ ಕಥೆಯ ತಿರುಳು ಇರುವುದು ಇಲ್ಲೇ. 2012-13ರಲ್ಲಿ ಈ ಸಂಸ್ಥೆಗಳ ಒಟ್ಟು ಖರ್ಚು ಸುಮಾರು 75 ಕೋಟಿ ಪೌಂಡ್. ಅದರಲ್ಲಿ ಪ್ರೆಸ್ಟನ್‌ನಲ್ಲಿ ಉಳಿದದ್ದು 100ಕ್ಕೆ ಬರೀ 5. ಸುತ್ತಲಿನ ಲ್ಯಾಂಕಾಶೈರನ್ನೆಲ್ಲ ಸೇರಿಸಿದರೂ 39. ಮಿಕ್ಕ 61 ಸೀಮೆ ದಾಟಿ ಹೋಗುತ್ತಿತ್ತು. ಊರು ಬಡವಾಗಿತ್ತು ನಿಜ, ಆದರೆ ದುಡ್ಡೇ ಇರಲಿಲ್ಲ ಅನ್ನುವ ಹಾಗಿರಲಿಲ್ಲ.

ಹೋದರೆ ಏನು ನಷ್ಟ? ನಗರಾಡಳಿತ ಊರಿನದೇ ಬೇಕರಿಯಿಂದ 100 ರೂಪಾಯಿಯ ಬ್ರೆಡ್ ಕೊಂಡಿತು ಅನ್ನಿ. ಬೇಕರಿಯವನು ಅದರಲ್ಲಿ 60 ರೂಪಾಯಿಯನ್ನು ಊರಲ್ಲೇ ಕೊಡುತ್ತಾನೆ: ಕೆಲಸದವರ ಸಂಬಳ, ಹಾಲಿನವನ ಬಾಕಿ, ಅಂಗಡಿ ಬಾಡಿಗೆ. ಅವರೂ ಕೈಗೆ ಬಂದದ್ದರಲ್ಲಿ 100ಕ್ಕೆ 60ರಂತೆ ಊರಲ್ಲೇ ಖರ್ಚು ಮಾಡಿದರೆ ಅದು 36. ಮುಂದಿನ ಸುತ್ತಿನಲ್ಲಿ 21 ರೂಪಾಯಿ 60 ಪೈಸೆ. ಕೂಡುತ್ತಾ ಹೋದರೆ 250 ರೂಪಾಯಿಯ ವ್ಯವಹಾರ ಆಗುತ್ತದೆ. ಅದೇ ಪ್ರತಿ ಸುತ್ತಿನಲ್ಲೂ 20 ಮಾತ್ರ ಉಳಿದರೆ ಮೊತ್ತ 125ಕ್ಕೇ ನಿಲ್ಲುತ್ತದೆ. ಕೊಟ್ಟದ್ದು ಅದೇ 100 ರೂಪಾಯಿ, ಅಲ್ವಾ? ಅರ್ಥಶಾಸ್ತ್ರದಲ್ಲಿ ಇದಕ್ಕೆ ಗುಣಕ ಅನ್ನುತ್ತಾರೆ.

ಆದರೆ ಸುಮ್ನೆ ‘ನಮ್ಮೂರಿನವರಿಗೇ ಕೊಡುತ್ತೇವೆ’ ಅನ್ನುವ ಹಾಗಿರಲಿಲ್ಲ. ಆಗಿನ ಯುರೋಪಿಯನ್ ಒಕ್ಕೂಟದ ನಿಯಮಗಳು ಅದಕ್ಕೆ ಬಿಡುತ್ತಿರಲಿಲ್ಲ. ಹಾಗಾದರೆ ದಾರಿ ಯಾವುದು? ಶಾಲೆಯ ಊಟದ ಗುತ್ತಿಗೆಯನ್ನೇ ನೋಡಿ. 2015ರಲ್ಲಿ ಕೌಂಟಿ ಆಡಳಿತದ ಮುಂದೆ 16 ಲಕ್ಷ ಪೌಂಡಿನ ಆಹಾರ ಗುತ್ತಿಗೆ ಇತ್ತು. ಅಷ್ಟು ದೊಡ್ಡದನ್ನು ಒಬ್ಬನೇ ನಿಭಾಯಿಸುವ ಸ್ಥಳೀಯ ವ್ಯಾಪಾರಿ ಒಬ್ಬನೂ ಇರಲಿಲ್ಲ. ಅಧಿಕಾರಿಗಳು ಅದನ್ನು ಒಂಬತ್ತು ಭಾಗ ಮಾಡಿದರು. ಮೊಟ್ಟೆಗೆ ಒಂದು, ಹಾಲಿಗೆ ಒಂದು, ಚೀಸ್‌ಗೆ ಒಂದು, ಮೊಸರಿಗೆ ಒಂದು, ಹೀಗೆ. ಮೊಟ್ಟೆ ಮಾರುವವನು ಇಡೀ ಊಟದ ಗುತ್ತಿಗೆ ಹಿಡಿಯಲಾರ, ಮೊಟ್ಟೆಯದ್ದನ್ನು ಹಿಡಿಯಬಲ್ಲ. ಗೆದ್ದವರು ಸ್ಥಳೀಯ ಪೂರೈಕೆದಾರರು, ಮಾಲು ಲ್ಯಾಂಕಾಶೈರ್ ರೈತರದು.

ನಮ್ಮಲ್ಲಿ ‘ತುಂಡು ಗುತ್ತಿಗೆ’ ಅಂದರೆ ಕೆಟ್ಟ ಹೆಸರು. ಟೆಂಡರ್ ಕರೆಯುವುದನ್ನು ತಪ್ಪಿಸಲು ಕೆಲಸವನ್ನು ಒಡೆಯುವುದು ಅಂತಲೇ ಜನ ಅರ್ಥ ಮಾಡಿಕೊಳ್ಳುತ್ತಾರೆ. ಇಲ್ಲಿ ಒಡೆದದ್ದು ಅದಕ್ಕೆ ತದ್ವಿರುದ್ಧ ಉದ್ದೇಶಕ್ಕೆ. ಪ್ರತಿ ಭಾಗಕ್ಕೂ ಯಾರು ಬೇಕಾದರೂ ಬಿಡ್ ಹಾಕಬಹುದಿತ್ತು, ಮೊದಲಿಗಿಂತ ಜಾಸ್ತಿ ಜನ ಹಾಕುವ ಹಾಗಾಯಿತು.

2016-17ರ ಹೊತ್ತಿಗೆ ಪ್ರೆಸ್ಟನ್‌ನ ಪಾಲು 100ಕ್ಕೆ 5ರಿಂದ 18ಕ್ಕೆ ಏರಿತು. ಲ್ಯಾಂಕಾಶೈರಿನದು 39ರಿಂದ 79ಕ್ಕೆ. ಒಟ್ಟು ಖರ್ಚು ಕುಗ್ಗಿದ್ದ ಕಾಲದಲ್ಲಿ ಆದದ್ದು ಇದು. 2023ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಪ್ರೆಸ್ಟನ್ನನ್ನು ಅದರಂಥದೇ ಬೇರೆ ಊರುಗಳ ಜೊತೆ ಹೋಲಿಸಿ ನೋಡಿದಾಗ, ಅಂದುಕೊಂಡಿದ್ದಕ್ಕಿಂತ ಸಂಬಳ ಹೆಚ್ಚಿತ್ತು, ಖಿನ್ನತೆಯ ಮಾತ್ರೆ ಬರೆಸಿಕೊಳ್ಳುವುದು ಕಡಿಮೆ ಇತ್ತು. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ಬೇರೆ ಕಾರಣಗಳೂ ಕೈಜೋಡಿಸಿರಬಹುದು. ಆದರೂ ಖರೀದಿ ವಿಭಾಗದ ಫೈಲಿಗೂ ಒಬ್ಬರ ನಿದ್ದೆ, ನೆಮ್ಮದಿಗೂ ಸಂಬಂಧ ಇರಬಹುದು ಅನ್ನುವುದು ನನ್ನನ್ನು ತುಂಬಾ ಕಾಡಿದೆ.

ಒಂದು ಆಕ್ಷೇಪ ಇದೆ, ಅದು ಗಟ್ಟಿಯಾದದ್ದೇ. ಪ್ರತಿ ಊರೂ ತನ್ನವರಿಂದಲೇ ಕೊಂಡರೆ ಪಕ್ಕದ ಊರಿನ ಗತಿ? ಪ್ರೆಸ್ಟನ್‌ನ ಲೆಕ್ಕದಲ್ಲಿ ಇದಕ್ಕೆ ಅರ್ಧ ಉತ್ತರ ಸಿಗುತ್ತದೆ. ಊರಿನ ಪಾಲಿಗಿಂತ ಸುತ್ತಲ ಸೀಮೆಯ ಪಾಲು ಎಷ್ಟೋ ಜಾಸ್ತಿ ಏರಿತು. ನೆರೆಯವರಿಗೂ ಸಿಕ್ಕಿತು, ಕಳೆದುಕೊಂಡವರು ದೂರದವರು. ಎಲ್ಲವನ್ನೂ ಊರಲ್ಲೇ ಮಾಡಿಸಲು ಆಗುವುದೂ ಇಲ್ಲ. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರವನ್ನು ಪ್ರೆಸ್ಟನ್ ಹೊರಗಿನಿಂದಲೇ ತರಬೇಕು. ಯಾವುದನ್ನು ಇಲ್ಲಿ ಮಾಡಬಹುದು, ಯಾವುದನ್ನು ಆಗದು ಅಂತ ಪಟ್ಟಿ ಮಾಡುವುದೇ ಯೋಜನೆಯ ಕಷ್ಟದ ಭಾಗ.

ದೊಡ್ಡ ಶಾಪಿಂಗ್ ಕೇಂದ್ರ ಬರಲೇ ಇಲ್ಲ. 1875ರ ಕಬ್ಬಿಣದ ಕಂಬ, ಚಾವಣಿಯ ಹಳೆಯ ಮಾರುಕಟ್ಟೆಯನ್ನೇ ದುರಸ್ತಿ ಮಾಡಿದರು. ಅದರಡಿ 2018ರಲ್ಲಿ ಹೊಸ ಮಳಿಗೆಗಳು ತೆರೆದವು. ಕೆಲಸ ಮಾಡಿದ್ದು ಪ್ರೆಸ್ಟನ್‌ನದೇ ಒಂದು ಕಟ್ಟಡ ಕಂಪನಿ.