ಓದುಗರ ಪ್ರಶ್ನೆ: ವೈಷ್ಣೋದೇವಿ ನಾಣ್ಯ ತೋರಿಸಿ ಲೈವ್‌ಗೆ ಜನ ಸೇರಿಸಲಾ?

ಪ್ರಶ್ನೆ: ನನ್ನದು ಹಳೇ ನಾಣ್ಯ, ನೋಟು, ಅಂಚೆಚೀಟಿ ಮಾರುವ ಪುಟ್ಟ ಅಂಗಡಿ. ಲೈವ್ ಶುರು ಮಾಡಿದ್ದೇನೆ, ಹತ್ತು ಜನವೂ ಬರುತ್ತಿಲ್ಲ. 'ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ' ಅಂತ ಥಂಬ್‌ನೇಲ್ ಹಾಕಿದರೆ ಜನ ಮುಗಿಬೀಳುತ್ತಾರಂತೆ. ಹಾಕಲಾ?

ಬೇಡ. ಈ ಪ್ರಶ್ನೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಜನ ಮುಗಿಬೀಳುವುದು ನಿಜ. ನಾನೂ ಒಮ್ಮೆ ಆಸೆಗೆ ಬಿದ್ದು ಹಾಕಿದ್ದೆ. ಮುನ್ನೂರು ದಾಟಿತು. ಕಾಮೆಂಟ್ ನೋಡಿದರೆ ಎಲ್ಲವೂ ಒಂದೇ: "ನನ್ನ ಹತ್ರ ಇದೆ, ನಂಬರ್ ಕಳಿಸಿ", "ಅಣ್ಣ, ನಂದು ತಗೊಳ್ತೀರಾ?" ಬಂದವರೆಲ್ಲ ಮಾರೋಕೆ ಬಂದವರು. ಕೊಳ್ಳೋಕೆ ಒಬ್ಬರೂ ಇರಲಿಲ್ಲ. ಅವತ್ತು ಹೋಗಿದ್ದು ಒಂದು ಆಲ್ಬಂ, ಅದೂ ಹಳೇ ಗಿರಾಕಿಗೆ. ಲಕ್ಷ ಕೊಡಲ್ಲ ಅಂದಿದ್ದಕ್ಕೆ ಬೈಸಿಕೊಂಡಿದ್ದು ಬೇರೆ.

ಆ ನಾಣ್ಯದ ಕಥೆ ಇಷ್ಟೇ. ವೈಷ್ಣೋದೇವಿ ದೇವಸ್ಥಾನ ನೋಡಿಕೊಳ್ಳುವ ಶ್ರೈನ್ ಬೋರ್ಡ್‌ಗೆ 25 ವರ್ಷವಾದ ನೆನಪಿಗೆ 5 ಮತ್ತು 10 ರೂಪಾಯಿಯ ನಾಣ್ಯಗಳನ್ನು ತಂದರು. ಮೇಲೆ 2012 ಅಂತ ಇದೆ. ರಾಶಿರಾಶಿ ಅಚ್ಚಾಗಿವೆ, ಚಿಲ್ಲರೆಯಲ್ಲೇ ಕೈಗೆ ಬರುತ್ತಿದ್ದವು. ಸವೆದದ್ದಾದರೆ ಮುಖಬೆಲೆಯಷ್ಟೇ. ಮಿರಮಿರ ಮಿಂಚುವ ಹೊಸದಿದ್ದರೆ ಸಂಗ್ರಹಕಾರರು ಒಂದಿಷ್ಟು ಮೇಲೆ ಕೊಟ್ಟಾರು. ಲಕ್ಷ ಕೊಡುತ್ತೇನೆ ಅನ್ನುವವನು ಮೊದಲು ನಿಮ್ಮಿಂದಲೇ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಅಂತ ಕೇಳುತ್ತಾನೆ. ಹಣ ಹಾಕಿದ ಮೇಲೆ ಫೋನ್ ಎತ್ತಲ್ಲ. ಎಷ್ಟೋ ಜನ ರಿಸರ್ವ್ ಬ್ಯಾಂಕ್ ಹೆಸರನ್ನೇ ಹೇಳಿ ಟೋಪಿ ಹಾಕಿದ್ದರಿಂದ, ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿತು: ಈ ವ್ಯವಹಾರ ನಮ್ಮದಲ್ಲ, ನಮ್ಮ ಪರವಾಗಿ ಶುಲ್ಕ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ನಂಬರಿನಲ್ಲಿ 786 ಇರುವ ನೋಟು, ಟ್ರ್ಯಾಕ್ಟರ್ ಇರುವ ಐದು ರೂಪಾಯಿ ನೋಟು, ಎಲ್ಲವೂ ಇದೇ ಸಂತೆಯ ಮಾಲು.

ಇದರ ಬುಡದಲ್ಲಿರುವ ನಂಬಿಕೆ ಇನ್ನೂ ಗಟ್ಟಿ: ಹಳೆಯದಾದಷ್ಟೂ ಬೆಲೆ ಜಾಸ್ತಿ. ಅಲ್ಲ ಸ್ವಾಮಿ! ಸುಮಾರು ಸಾವಿರದ ಎಂಟುನೂರು ವರ್ಷ ಹಳೆಯ ಕುಷಾಣರ ತಾಮ್ರದ ನಾಣ್ಯ, ಸವೆದದ್ದು, ಕೆಲವು ನೂರಕ್ಕೆ ಸಿಗುತ್ತದೆ. ಆರನೇ ಜಾರ್ಜ್‌ನ 1938ರ ಬೆಳ್ಳಿ ರೂಪಾಯಿಗೆ ಕೇಳಿದರೆ ಬೆಳ್ಳಿಯ ಲೆಕ್ಕ ಹೇಳುತ್ತಾರೆ. ಅದೇ ರಾಜನ 1939ರದ್ದು ಸಿಗೋದೇ ಅಪರೂಪ, ಹಾಗಾಗಿ ಎಷ್ಟೋ ಪಟ್ಟು ದುಬಾರಿ. ಒಂದೇ ವರ್ಷದ ವ್ಯತ್ಯಾಸ! ಅದಕ್ಕೇ 1939ಕ್ಕೆ ನಕಲಿಯೂ ಜಾಸ್ತಿ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಬೇಕು ಅನ್ನುವವರು ಎಷ್ಟು ಜನ ಅನ್ನೋದರ ಮೇಲೆ ಬೆಲೆ ನಿಲ್ಲುತ್ತದೆ.

ಹಾಗಾದರೆ ಲೈವ್‌ನಲ್ಲಿ ಏನು ಮಾಡಬೇಕು? ಈ ಬೆಲೆಯ ಲೆಕ್ಕವನ್ನೇ ಮಾಡಿ ತೋರಿಸಬೇಕು. ಐದನೇ ಜಾರ್ಜ್‌ನ 1911ರ ರೂಪಾಯಿ ಎತ್ತಿಕೊಳ್ಳಿ. ಅಂಚು ಹಿಡಿದು, ರಾಜನ ನಿಲುವಂಗಿಯ ಮೇಲಿರುವ ಆನೆಯನ್ನು ಕ್ಯಾಮೆರಾ ಹತ್ತಿರ ತನ್ನಿ. ಸೊಂಡಿಲು ಗಿಡ್ಡ, ನೋಡಿದರೆ ಹಂದಿ ಅನ್ನಿಸುತ್ತದೆ. ಆಗ ಜನ ಗಲಾಟೆ ಮಾಡಿ, ಸರ್ಕಾರ ನಾಣ್ಯ ವಾಪಸ್ ತೆಗೆದುಕೊಂಡು 1912ರಿಂದ ಚಿತ್ರ ತಿದ್ದಿತು. ಪಕ್ಕದಲ್ಲೇ 1912ರದ್ದು ಇಡಿ. ತಕ್ಕಡಿ ಮೇಲೆ ಹಾಕಿ, ಅಸಲಿ ತೂಕವಾದ 11.66 ಗ್ರಾಂ ಹತ್ತಿರ ಬರುವುದನ್ನು ತೋರಿಸಿ. ಸವೆದಿದ್ದರೆ ತುಸು ಕಡಿಮೆ ಬರುತ್ತದೆ, ಅದನ್ನೂ ಬಾಯಿಬಿಟ್ಟು ಹೇಳಿ. ಎರಡೂ ಮುಖ, ಗೀರು, ಬೆಲೆ, ಎಲ್ಲ ಮುಚ್ಚುಮರೆ ಇಲ್ಲದೆ ಇರಲಿ. ಬೆಳಕು ಪಕ್ಕದಿಂದ ಬೀಳಬೇಕು. ರಿಂಗ್ ಲೈಟ್ ನೇರವಾಗಿ ಬಿಟ್ಟರೆ ಬೆಳ್ಳಿ ಬರೀ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ವಾರಕ್ಕೊಂದು ದಿನ, ಒಂದೇ ಹೊತ್ತು. ಮೊದಲು 'ಬುಕ್' ಅಂತ ಹಾಕಿದವರಿಗೇ ವಸ್ತು. ಪ್ಯಾಕ್ ಮಾಡುವಾಗ ವಿಡಿಯೋ ಮಾಡಿಟ್ಟುಕೊಳ್ಳಿ. ಹತ್ತು ಜನ ಸಾಲಲ್ಲ ಅಂತೀರಲ್ಲ, ನಿಮ್ಮ ಅಂಗಡಿಯೊಳಗೆ ಒಂದೇ ಸಲ ಹತ್ತು ಜನ ನಿಂತರೆ ಜಾಗ ಸಾಕಾಗುತ್ತಾ?

ಅಮೆರಿಕದಿಂದ ನಮ್ಮವರು ಯಾರಾದರೂ 'ಬುಕ್' ಅಂದರೆ ಮಾತ್ರ ಹುಷಾರು. ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತುಗಳ ಬಗೆಗಿನ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಅಂಥದ್ದನ್ನು ಮಾರುವ ವ್ಯಾಪಾರಕ್ಕೂ ಪರವಾನಗಿ ಬೇಕು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಲೈವ್‌ಗೆ ಮುಂಚೆ ನಾಣ್ಯ ತೊಳೆಯಬೇಡಿ. ಹೋದ ತಿಂಗಳು ಒಬ್ಬ ಹುಡುಗ ತಾತನ ಪೆಟ್ಟಿಗೆಯಲ್ಲಿ ಸಿಕ್ಕ ಮೈಸೂರಿನ ತಾಮ್ರದ ಕಾಸು ತಂದಿದ್ದ. ಆನೆಯ ಗುರುತು ಇರುವಂಥದ್ದು. ಕಂದು ಬಣ್ಣ ಕೂತು ಚೆನ್ನಾಗಿದ್ದಿರಬೇಕು. ಅವನಮ್ಮ ಹಬ್ಬಕ್ಕೆ ದೀಪ ತೊಳೆಯುವಾಗ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದರು. ಹೊಸ ಚೊಂಬಿನ ಥರ ಕೆಂಪಗೆ ಹೊಳೆಯುತ್ತಿತ್ತು, ಆನೆಯ ಮೈತುಂಬ ಗೀರು. "ಈಗ ಜಾಸ್ತಿ ಬರುತ್ತೆ ಅಲ್ವಾ ಅಂಕಲ್?" ಅಂದ.