ಗಾಂಜಾ ಸೇದುವವರಿಗೆ ಕುಲಾಂತರಿ ಅಂದ್ರೆ ಯಾಕಿಷ್ಟು ಅನುಮಾನ?

ಗಾಂಜಾ ಸೇದುವವರ ನಡುವೆ ಒಂದು ಮಾತು ವರ್ಷಗಳಿಂದ ಓಡಾಡುತ್ತಿದೆ. ಈಗ ಸಿಗುವ ಮಾಲು ಹಿಂದಿನದಲ್ಲ, ಯಾರೋ ಲ್ಯಾಬಿನಲ್ಲಿ ಕೂತು ಇದಕ್ಕೆ ಬೇರೆ ಜೀನ್ ತುರುಕಿದ್ದಾರೆ ಅಂತ. ತಲೆ ಜೋರಾಗಿ ತಿರುಗಿದರೆ ಕುಲಾಂತರಿ. ಗಂಟಲು ಉರಿದರೆ ಕುಲಾಂತರಿ. ಹೂವು ತೀರಾ ದಪ್ಪಗೆ, ಚೆಂದವಾಗಿ ಕಂಡರೂ ಕುಲಾಂತರಿಯೇ.

2015ರಲ್ಲಿ ಈ ಅನುಮಾನಕ್ಕೆ ಒಳ್ಳೆ ಮೇವು ಸಿಕ್ಕಿತು. ಕುಲಾಂತರಿ ಬೀಜಗಳಿಗೆ ಹೆಸರಾದ ಮಾನ್ಸಾಂಟೊ ಕಂಪನಿ ಮೊದಲ ಕುಲಾಂತರಿ ಗಾಂಜಾ ತಂದಿದೆ ಎಂಬ ಸುದ್ದಿ ಎಲ್ಲೆಡೆ ಹರಡಿತು. ಅದು ತಮಾಷೆಗೆ ಸುಳ್ಳು ಸುದ್ದಿ ಹೆಣೆಯುವ ತಾಣವೊಂದರ ಕಟ್ಟುಕತೆ. ನಾವು ಇಂಥದ್ದರ ಮೇಲೆ ಕೆಲಸವನ್ನೇ ಮಾಡುತ್ತಿಲ್ಲ ಎಂದು ಕಂಪನಿ ಹೇಳಿತು. ಯಾರು ನಂಬ್ತಾರೆ? ಕಂಪನಿ ಅಲ್ಲಗಳೆದದ್ದೇ ಹಲವರಿಗೆ ಸಾಕ್ಷಿಯಾಯಿತು. 2018ರಲ್ಲಿ ಜರ್ಮನಿಯ ಬೇಯರ್ ಆ ಕಂಪನಿಯನ್ನು ಕೊಂಡಿತು, ಗಾಳಿಮಾತು ಹೊಸ ಹೆಸರಿನಲ್ಲಿ ಮುಂದುವರಿಯಿತು.

ಅಂಗಡಿಯಲ್ಲಿ ಸೇದಲು ಮಾರುವ ಹೂವು ಕುಲಾಂತರಿ ಎನ್ನಲು ಆಧಾರ ಇಲ್ಲ. ಇದಕ್ಕೆ ಕಂಪನಿಗಳ ಒಳ್ಳೆಯತನ ಕಾರಣವಲ್ಲ, ಗಿಡದ ಹಟಮಾರಿತನ ಕಾರಣ. ಒಂದು ಕೋಶಕ್ಕೆ ಹೊಸ ಜೀನ್ ಸೇರಿಸಿದರೆ ಸಾಲದು, ಆ ಕೋಶದಿಂದ ಇಡೀ ಗಿಡ ಬೆಳೆದು ಬರಬೇಕು. ತಂಬಾಕು ಇದಕ್ಕೆ ಸುಲಭವಾಗಿ ಒಪ್ಪುತ್ತದೆ. ಗಾಂಜಾ ಒಪ್ಪುವುದಿಲ್ಲ. ಜೀನ್ ತಿದ್ದಿದ ಗಾಂಜಾ ಗಿಡ ಬೆಳೆಸಿದ ವರದಿ ಬಂದದ್ದು 2021ರಲ್ಲಿ. ಅದರಲ್ಲಿ ತಿದ್ದಿದ್ದು ಬಣ್ಣಕ್ಕೆ ಬೇಕಾದ ಒಂದು ಜೀನನ್ನು. ಹುಟ್ಟಿದ್ದು ಬಿಳಿಚಿಕೊಂಡ ಸಸಿಗಳು. ತಿದ್ದುಪಡಿ ಕೆಲಸ ಮಾಡಿದೆ ಎಂದು ಕಣ್ಣಿಗೆ ಕಾಣಲಿ ಅಂತ ಮಾಡಿದ ಪ್ರಯೋಗ ಅದು, ಅಷ್ಟೇ.

ಹಾಗಾದರೆ ಈಗಿನ ಗಾಂಜಾ ಅಷ್ಟು ಜೋರು ಯಾಕೆ? ಜೋರಾಗಿರುವುದಂತೂ ನಿಜ. ಅಮೆರಿಕದಲ್ಲಿ ಪೊಲೀಸರು ಹಿಡಿದ ಮಾಲನ್ನು ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ದಶಕಗಳಿಂದ ಪರೀಕ್ಷೆ ಮಾಡುತ್ತಿದ್ದಾರೆ. 1995ರಲ್ಲಿ ಅದರಲ್ಲಿ ಸರಾಸರಿ 4% ಟಿಎಚ್‌ಸಿ ಇತ್ತು. 2014ರ ಹೊತ್ತಿಗೆ ಸುಮಾರು 12% ಆಗಿತ್ತು. ಅಮಲು ಏರಿಸುವ ವಸ್ತು ಈ ಟಿಎಚ್‌ಸಿಯೇ. 1964ರಲ್ಲಿ ಇಸ್ರೇಲಿನ ರಾಫೆಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೋನಿ ಇದನ್ನು ಶುದ್ಧವಾಗಿ ಬೇರ್ಪಡಿಸಿ ರಚನೆ ತಿಳಿಸಿದರು. ಮೂರು ಪಟ್ಟು ಜಾಸ್ತಿಯಾಗಿದೆ ಅಂದರೆ ಮನಸ್ಸು ನೇರ ಲ್ಯಾಬಿನ ಕಡೆ ಓಡುವುದು ಸಹಜ.

ಆದರೆ ಈ ಕೆಲಸ ನಡೆದದ್ದು ನೆಲಮಾಳಿಗೆಗಳಲ್ಲಿ, ಬಲ್ಬಿನ ಬೆಳಕಿನಲ್ಲಿ. ಗಾಂಜಾದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗಿಡಗಳು. ಅಂಟಂಟಾದ ರಾಳದ ಸಣ್ಣ ಗ್ರಂಥಿಗಳು ತುಂಬಿರುವುದು ಹೆಣ್ಣು ಹೂವಿನಲ್ಲಿ. ಪರಾಗ ಬೀಳದಂತೆ ನೋಡಿಕೊಂಡರೆ ಗಿಡ ಬೀಜ ಕಟ್ಟುವುದಿಲ್ಲ, ಹೂವು ಬಿಡುತ್ತಾ, ರಾಳ ಸುರಿಸುತ್ತಾ ಹೋಗುತ್ತದೆ. ಹಾಗಾಗಿ ಬೆಳೆಗಾರರು ಗಂಡು ಗಿಡಗಳನ್ನು ಕಿತ್ತೆಸೆದರು. ಚೆನ್ನಾಗಿ ಬಂದ ಹೆಣ್ಣು ಗಿಡದ ಕಡ್ಡಿ ನೆಟ್ಟು ಅದರದೇ ಪಡಿಯಚ್ಚುಗಳನ್ನು ಬೆಳೆಸಿದರು. ಜೋರಾದದ್ದನ್ನು ಇನ್ನೊಂದು ಜೋರಾದದ್ದರ ಜೊತೆ ಕೂಡಿಸಿದರು. ಮತ್ತೆ ಆರಿಸಿದರು, ಮತ್ತೆ ಕೂಡಿಸಿದರು.

ಹೆಣ್ಣು ಗಿಡವನ್ನೇ ಕೊಡುವ ಬೀಜಗಳ ಕತೆ ಇನ್ನೂ ಸ್ವಾರಸ್ಯ. ಹೆಣ್ಣು ಗಿಡಕ್ಕೆ ಬೆಳ್ಳಿಯ ಒಂದು ಲವಣದ ದ್ರಾವಣ ಸಿಂಪಡಿಸುತ್ತಾರೆ. ಅದು ಗಿಡದೊಳಗಿನ ಎಥಿಲೀನ್ ಹಾರ್ಮೋನಿನ ಸಂದೇಶವನ್ನು ತಡೆಯುತ್ತದೆ. ಆಗ ಹೆಣ್ಣು ಗಿಡವೇ ಗಂಡು ಹೂವು ಬಿಡುತ್ತದೆ! ಆ ಪರಾಗದಲ್ಲಿ ವೈ ವರ್ಣತಂತು ಇರುವುದೇ ಇಲ್ಲ. ಅದರಿಂದ ಹುಟ್ಟುವ ಬೀಜಗಳೆಲ್ಲ ಹೆಚ್ಚುಕಡಿಮೆ ಹೆಣ್ಣೇ. ದಿನದ ಉದ್ದ ನೋಡದೆ ಹೂ ಬಿಡುವ ತಳಿಗಳೂ ಮಾರುಕಟ್ಟೆಯಲ್ಲಿವೆ. ಅವುಗಳಿಗೆ ಆ ಗುಣ ಬಂದದ್ದು ರುಡೆರಾಲಿಸ್ ಎಂಬ ಕುಳ್ಳ ಕಾಡುಗಿಡದಿಂದ. ಕಾನೂನಿನ ಲೆಕ್ಕದಲ್ಲಿ ಇದ್ಯಾವುದೂ ಕುಲಾಂತರಿ ಅಲ್ಲ. ಬೆಳ್ಳಿ ಲವಣದ ಬೀಜವನ್ನು ನೈಸರ್ಗಿಕ ಎಂದು ಖುಷಿಯಾಗಿ ಕೊಳ್ಳುವವರೇ ಜೀನ್ ತಿದ್ದುಪಡಿ ಅಂದರೆ ಮೂಗು ಮುರಿಯುತ್ತಾರೆ. ಇದು ನನಗೆ ಸ್ವಲ್ಪ ನಗು ತರಿಸುತ್ತದೆ.

ಹೆಸರಿನ ವಿಷಯದಲ್ಲೂ ಹಾಗೆಯೇ. ಇದು ಇಂಡಿಕಾ, ಇದು ಸಟೈವಾ, ಇದು ಇಂಥ ಬೆಟ್ಟದ ಅಸಲಿ ನಾಟಿ ತಳಿ ಎಂದು ಸೇದುವವರು ಆಣೆ ಇಟ್ಟು ಹೇಳುತ್ತಾರೆ. ಡಿಎನ್‌ಎ ನೋಡಿದ ಸಂಶೋಧಕರಿಗೆ ಕಂಡದ್ದು ಬೇರೆ. ಒಂದೇ ಹೆಸರಿನಲ್ಲಿ ಮಾರುವ ಮಾದರಿಗಳು ಎಷ್ಟೋ ಸಲ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ ಇರುತ್ತವೆ. ನಾಟಿ ತಳಿಗಳು ಕಳೆದುಹೋಗಲು ಜೀನ್ ತಂತ್ರಜ್ಞಾನವೂ ಬೇಕಾಗಲಿಲ್ಲ. ಮೊರಾಕ್ಕೊದ ರಿಫ್ ಬೆಟ್ಟಗಳಲ್ಲಿ ಬೆಲ್ದಿಯಾ ಎಂಬ ಸ್ಥಳೀಯ ತಳಿ ಇದೆ. ಕಡಿಮೆ ನೀರಲ್ಲಿ ಬೆಳೆಯುವಂಥದ್ದು. ಅದರ ಜಾಗವನ್ನು ಬಹುಪಾಲು ಕಡೆ ಹೊರಗಿನಿಂದ ಬಂದ, ಹೆಚ್ಚು ನೀರು ಕುಡಿಯುವ ಹೈಬ್ರಿಡ್‌ಗಳು ತಿಂದುಹಾಕಿವೆ. ತಂದವರು ಗಾಂಜಾಪ್ರಿಯರೇ.

ಇನ್ನೊಂದು ಗೊಂದಲ ಜೀವಕ್ಕೇ ಅಪಾಯ ತರುವಂಥದ್ದು. ‘ಸ್ಪೈಸ್’, ‘ಕೆ2’ ಎಂಬ ಹೆಸರಿನಲ್ಲಿ ಬರುವ ಸೊಪ್ಪನ್ನು ಕೆಲವರು ಕುಲಾಂತರಿ ಗಾಂಜಾ ಅಂದುಕೊಂಡಿದ್ದಾರೆ. ಅದು ಗಾಂಜಾವೇ ಅಲ್ಲ. ಯಾವುದೋ ಒಣಸೊಪ್ಪಿನ ಮೇಲೆ ರಾಸಾಯನಿಕ ಸಿಂಪಡಿಸಿರುತ್ತಾರೆ. ಮಿದುಳಿನಲ್ಲಿ ಟಿಎಚ್‌ಸಿ ಹೋಗಿ ಕೂರುವ ಜಾಗದಲ್ಲೇ ಇವೂ ಕೂರುತ್ತವೆ. ಆದರೆ ಟಿಎಚ್‌ಸಿ ಆ ಜಾಗದ ಸ್ವಿಚ್ಚನ್ನು ಅರ್ಧಂಬರ್ಧ ಚಾಲೂ ಮಾಡಿದರೆ ಇವುಗಳಲ್ಲಿ ಹಲವು ಪೂರ್ತಿ ಚಾಲೂ ಮಾಡುತ್ತವೆ. ಫಿಟ್ಸ್ ಬಂದವರಿದ್ದಾರೆ, ಸತ್ತವರಿದ್ದಾರೆ. ಇದರ ದೋಷವನ್ನು ಜೀನಿನ ತಲೆಗೆ ಕಟ್ಟಿದರೆ ಅಸಲಿ ಅಪಾಯ ತಪ್ಪಿಸಿಕೊಂಡು ಹೋಗುತ್ತದೆ.

ಹಾಗಂತ ಸೇದುವವರ ಭಯವೆಲ್ಲ ಸುಮ್ನೆ ಅನ್ನಲಾರೆ. ತಿನ್ನುವುದು ಬೇರೆ, ಸುಟ್ಟು ಎಳೆಯುವುದು ಬೇರೆ. ಜೀನ್ ಹೊಗೆಯಲ್ಲಿ ಬಂದು ನಮ್ಮೊಳಗೆ ಸೇರಿಕೊಳ್ಳುತ್ತದೆ ಎಂಬ ಚಿಂತೆ ಬೇಡ. ಬೆಂಕಿಗೆ ಡಿಎನ್‌ಎ ಉಳಿಯುವುದಿಲ್ಲ, ಮತ್ತೆ ನಾವು ದಿನಾ ಊಟದಲ್ಲಿ ತಿನ್ನುವುದೂ ಗಿಡಗಳ ಡಿಎನ್‌ಎಯೇ. ಪ್ರಶ್ನೆ ಇರುವುದು ಹೊಸ ಜೀನಿನಿಂದ ಗಿಡದಲ್ಲಿ ಹೊಸ ರಾಸಾಯನಿಕ ಹುಟ್ಟಿದರೆ ಅದು ಸುಟ್ಟಾಗ ಏನಾಗುತ್ತದೆ ಎಂಬಲ್ಲಿ. ಕುಲಾಂತರಿ ಬೆಳೆಗಳ ಸುರಕ್ಷತೆ ಪರೀಕ್ಷೆಗಳು ಹೊಟ್ಟೆಗೆ ಹೋಗುವುದನ್ನು ನೋಡಿ ರೂಪಿಸಿದಂಥವು. ಶ್ವಾಸಕೋಶಕ್ಕೆ ಹೋಗುವುದನ್ನು ನೋಡಿ ಅಲ್ಲ.

ಇದು ಬರೀ ಊಹೆ ಅಲ್ಲ ಎನ್ನಲು ಒಂದು ಉದಾಹರಣೆ ಇದೆ. ಮೈಕ್ಲೊಬ್ಯುಟಾನಿಲ್ ಎಂಬ ಶಿಲೀಂಧ್ರನಾಶಕವನ್ನು ದ್ರಾಕ್ಷಿಗೆ ಹೊಡೆಯಲು ಅನುಮತಿ ಇದೆ. ಬೂದಿರೋಗ ಬರದಿರಲಿ ಅಂತ ಕೆಲವರು ಅದನ್ನು ಗಾಂಜಾಕ್ಕೂ ಹೊಡೆದರು. ಆದರೆ ಬಿಸಿಯಾದಾಗ ಅದರಿಂದ ಹೈಡ್ರೋಜನ್ ಸಯನೈಡ್ ಹುಟ್ಟಬಹುದು. ಕೆನಡಾದಲ್ಲಿ 2017ರ ಸುಮಾರಿಗೆ ಇದರ ಉಳಿಕೆ ಸಿಕ್ಕಿ, ಪರವಾನಗಿ ಇದ್ದ ಕಂಪನಿಗಳ ಮಾಲನ್ನೇ ವಾಪಸ್ ತರಿಸಬೇಕಾಯಿತು. ಬೂದಿರೋಗಕ್ಕೆ ಗಿಡವನ್ನು ಬಾಗಿಲು ತೆರೆಯುವಂತೆ ಮಾಡುವ ಕೆಲವು ಜೀನ್‌ಗಳಿವೆ. ಅವನ್ನು ಕೆಲಸ ಮಾಡದಂತೆ ತಿದ್ದಿಬಿಟ್ಟರೆ ಔಷಧಿ ಹೊಡೆಯುವ ಅಗತ್ಯವೇ ತಗ್ಗಬಹುದು. ಅಂದರೆ ಹೊಗೆಯಲ್ಲಿ ವಿಷ ಬೇಡ ಅನ್ನುವವರು ಬಯಸಬೇಕಾದದ್ದು ಇದನ್ನೇ, ಅಲ್ವಾ?

ಆದರೂ ಅವರು ಬಯಸುವುದಿಲ್ಲ. ಯಾಕೆಂದರೆ ಭಯದ ಬೇರು ಶ್ವಾಸಕೋಶದಲ್ಲಿಲ್ಲ, ಒಡೆತನದಲ್ಲಿದೆ ಎಂದು ನನಗನಿಸುತ್ತದೆ. ಇಲ್ಲಿ ನಾನು ಸೇದುವವರ ಪಕ್ಷ. ಈ ತಳಿಗಳನ್ನು ಕಟ್ಟಿದವರು ಜೈಲಿಗೆ ಹೆದರಿ, ಹೆಸರು ಹೇಳದೆ, ಕಾಗದದ ಮೇಲೆ ಏನೂ ಬರೆದಿಡದೆ ಕೆಲಸ ಮಾಡಿದವರು. ಪೇಟೆಂಟ್ ಕಚೇರಿ ಕೇಳುವುದೇ ಕಾಗದವನ್ನು. 2015ರಲ್ಲಿ ಅಮೆರಿಕ ಟಿಎಚ್‌ಸಿ ಮತ್ತು ಸಿಬಿಡಿ (ಗಾಂಜಾದಲ್ಲೇ ಇರುವ, ಅಮಲು ತರದ ಇನ್ನೊಂದು ವಸ್ತು) ಎರಡೂ ಸಾಕಷ್ಟಿರುವ ಕೆಲವು ಬಗೆಯ ಮಿಶ್ರ ಗಿಡಗಳ ಮೇಲೆ ಒಂದು ಕಂಪನಿಗೆ ಪೇಟೆಂಟ್ ಕೊಟ್ಟಿತು. ಅಂಥ ಗಿಡ ನಮ್ಮ ಹಿತ್ತಲಲ್ಲಿ ಮೊದಲೇ ಇತ್ತು ಎಂದು ಬೆಳೆಗಾರ ಹೇಳಿದರೆ ದಾಖಲೆ ಎಲ್ಲಿದೆ?

2019ರಲ್ಲಿ ಗಾಯದ ಮೇಲೆ ಬರೆ ಬಿತ್ತು. ಒರೆಗಾನ್ ರಾಜ್ಯದ ಒಂದು ಕಂಪನಿ ಬೆಳೆಗಾರರಿಂದ ಮಾದರಿ ತರಿಸಿಕೊಂಡು ಡಿಎನ್‌ಎ ಪರೀಕ್ಷೆ ಮಾಡಿಕೊಡುತ್ತಿತ್ತು. ನಿಮ್ಮ ತಳಿಯ ಗುರುತು ದಾಖಲಾದರೆ ನಿಮಗೇ ರಕ್ಷಣೆ ಎಂಬುದು ಆಗಿನ ಮಾತು. ಆಮೇಲೆ ಅದೇ ಕಂಪನಿ, ಸ್ವಂತ ತಳಿಗಳನ್ನು ಅಭಿವೃದ್ಧಿ ಮಾಡುತ್ತೇವೆ ಎಂದು ಘೋಷಿಸಿತು. ಬೆಳೆಗಾರರು ಸಿಟ್ಟಿಗೆದ್ದರು. ಅಲ್ಲಿ ಯಾರೂ ಒಂದೇ ಒಂದು ಜೀನನ್ನೂ ತಿದ್ದಿರಲಿಲ್ಲ, ಬರೀ ಓದಿದ್ದರು. ಆದರೂ ಸಿಟ್ಟು ಕುಲಾಂತರಿ ಮೇಲಿನ ಸಿಟ್ಟಿನದೇ ಬಣ್ಣದ್ದಾಗಿತ್ತು.

ಈಗ ನಿಜವಾದ ಕುಲಾಂತರಿ ಗಿಡವೂ ಬಂದಿದೆ. ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದವರು ಹೆಂಪ್ ಗಿಡವೊಂದನ್ನು ಮಾರ್ಪಡಿಸಿದರು. ಹೆಂಪ್ ಎಂದರೆ ಇದೇ ಜಾತಿಯ, ಆದರೆ ಅಮಲು ಏರಿಸದ ಗಿಡ. ಅಮೆರಿಕದ ಕಾನೂನಿನಲ್ಲಿ ಅದರಲ್ಲಿ ಟಿಎಚ್‌ಸಿ 0.3% ಮೀರಬಾರದು, ಮೀರಿದರೆ ಬೆಳೆಯನ್ನು ಹಾಗೇ ಮಾರುವಂತಿಲ್ಲ. ಗಿಡದೊಳಗೆ ಸಿಬಿಜಿ ಆಮ್ಲ ಎಂಬ ಒಂದೇ ಕಚ್ಚಾವಸ್ತುವನ್ನು ಒಂದು ಕಿಣ್ವ ಟಿಎಚ್‌ಸಿ ದಾರಿಗೆ, ಇನ್ನೊಂದು ಸಿಬಿಡಿ ದಾರಿಗೆ ತಿರುಗಿಸುತ್ತದೆ. ಇವರು ಎರಡೂ ದಾರಿ ಮುಚ್ಚಿದರು. ಗಿಡದಲ್ಲಿ ಉಳಿದದ್ದು ಸಿಬಿಜಿ ಮಾತ್ರ. 2023ರಲ್ಲಿ ಅಲ್ಲಿನ ಕೃಷಿ ಇಲಾಖೆ, ಈ ಗಿಡದಿಂದ ಬೇರೆ ಹೆಂಪ್‌ಗಿಂತ ಹೆಚ್ಚಿನ ಪಿಡುಗಿನ ಅಪಾಯವಿಲ್ಲ ಎಂದಿತು. ಸೇದುವವರು ಇಷ್ಟು ವರ್ಷ ಹೆದರಿದ್ದು ಅತಿ ಜೋರಾದ ರಾಕ್ಷಸ ಗಾಂಜಾಕ್ಕೆ. ಬಂದದ್ದು ಕಿಕ್ಕೇ ಇಲ್ಲದ್ದು.

ಇದರಿಂದ ತೊಂದರೆಯೇ ಇಲ್ಲವೆಂದಲ್ಲ. ಗಾಂಜಾ ಪರಾಗ ಗಾಳಿಯಲ್ಲಿ ಬಹಳ ದೂರ ಹೋಗುತ್ತದೆ. ಉತ್ತರ ಆಫ್ರಿಕಾದ ಗಾಂಜಾ ಪರಾಗ ಸಮುದ್ರ ದಾಟಿ ದಕ್ಷಿಣ ಸ್ಪೇನಿನ ಗಾಳಿಯಲ್ಲಿ ಸಿಕ್ಕಿದ್ದು 1990ರ ದಶಕದಲ್ಲೇ ದಾಖಲಾಗಿದೆ. ಗಂಡು ಗಿಡಗಳಿರುವ ಹೆಂಪ್ ಹೊಲ ಹತ್ತಿರವಿದ್ದರೆ, ಬಯಲಲ್ಲಿ ಬೆಳೆದ ಗಾಂಜಾ ಬೀಜ ಕಟ್ಟಿ ಬೆಲೆ ಕಳೆದುಕೊಳ್ಳುತ್ತದೆ. ಹೊಲ ಕುಲಾಂತರಿಯಾದರೂ ಅಷ್ಟೇ, ಅಲ್ಲದಿದ್ದರೂ ಅಷ್ಟೇ. ವ್ಯತ್ಯಾಸ ಇಷ್ಟೇ: ಕುಲಾಂತರಿಯಾದರೆ ನಾಟಿ ತಳಿ ಉಳಿಸಿಕೊಂಡವನ ಬೀಜದಲ್ಲಿ ಇನ್ನೊಬ್ಬರ ಪೇಟೆಂಟ್ ಸೇರಿಕೊಂಡಿರಬಹುದು.

ಇದಕ್ಕೆ ಕೆಲವು ಬೀಜ ಕಂಪನಿಗಳು ಪರಿಹಾರವನ್ನೂ ಮಾರುತ್ತಿವೆ. ಮಾಮೂಲಿ ಗಿಡದಲ್ಲಿ ವರ್ಣತಂತುಗಳ ಗುಂಪು ಎರಡು, ಇವರು ಮಾರುವ ಗಿಡಗಳಲ್ಲಿ ಮೂರು. ಪರಾಗ ಬಿದ್ದರೂ ಬೀಜ ಕಟ್ಟುವುದು ತೀರಾ ಅಪರೂಪ. ರಾಸಾಯನಿಕ ಬಳಸಿ ವರ್ಣತಂತುಗಳನ್ನು ದುಪ್ಪಟ್ಟು ಮಾಡಿದ ಗಿಡವನ್ನು ಮಾಮೂಲಿ ಗಿಡದ ಜೊತೆ ಕೂಡಿಸಿ ಇದನ್ನು ಪಡೆಯುತ್ತಾರೆ. ಕುಲಾಂತರಿ ಪಟ್ಟಿಗೆ ಇದು ಬರುವುದಿಲ್ಲ. ಬೆಳೆದವನಿಗೆ ಮುಂದಿನ ವರ್ಷಕ್ಕೆ ಬೀಜವೂ ಉಳಿಯುವುದಿಲ್ಲ, ಮತ್ತೆ ಅದೇ ಕಂಪನಿಯ ಬಳಿ ಕೊಳ್ಳಬೇಕು.