ಛಾವಣಿ ತೆರೆಯುವ ಎರಡನೇ ಕಾರು: ಮೊದಲು ನೀರಿನ ದಾರಿ ನೋಡಿ

ಹಳೆಯ ಕಾರುಗಳನ್ನು ಕೊಳ್ಳುವವರ ಪರವಾಗಿ ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ. ದಿನಬಳಕೆಗೆ ಒಂದು ಕಾರು ಇದ್ದು, ರಜೆಯ ಬೆಳಗುಗಳಿಗೆಂದು ಕೈಗೆಟುಕುವ ಬೆಲೆಯ ಕನ್ವರ್ಟಿಬಲ್ ಒಂದನ್ನು ಹುಡುಕುವವರು ನನ್ನ ಬಳಿ ಬಂದರೆ, ಅವರ ಪ್ರಶ್ನೆಗಳೆಲ್ಲ ಬಹುತೇಕ ಎಂಜಿನ್ನಿನ ಸುತ್ತಲೇ ಇರುತ್ತವೆ: ಎಷ್ಟು ಓಡಿದೆ, ಹೊಗೆ ಬರುತ್ತದೆಯೇ, ಗೇರ್ ಸರಾಗವಾಗಿ ಬೀಳುತ್ತದೆಯೇ. ನಾನು ಮಾತ್ರ ಬಾನೆಟ್ ಎತ್ತುವುದಕ್ಕೂ ಮೊದಲು ಮಂಡಿಯೂರಿ, ಕಾಲಡಿಯ ಮ್ಯಾಟ್ ಸರಿಸಿ, ಅದರ ಕೆಳಗಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡುತ್ತೇನೆ. ಕೈಗೆ ತೇವ ತಗುಲಿದರೆ ಉಳಿದ ಪರೀಕ್ಷೆಯ ದಿಕ್ಕೇ ಬದಲಾಗುತ್ತದೆ.

ಇದಕ್ಕೆ ಕಾರಣ ಈ ಕಾರುಗಳ ರಚನೆಯಲ್ಲಿದೆ. ಸಾಮಾನ್ಯ ಕಾರಿನಲ್ಲಿ ನೆಲ, ಕಂಬಗಳು ಮತ್ತು ಛಾವಣಿ ಒಂದಕ್ಕೊಂದು ಬೆಸೆದುಕೊಂಡು ಮುಚ್ಚಿದ ಪೆಟ್ಟಿಗೆಯಂತೆ ಬಲ ಹಂಚಿಕೊಳ್ಳುತ್ತವೆ. ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯನ್ನು ಎರಡು ಕೈಗಳಲ್ಲಿ ಹಿಡಿದು ತಿರುಚಿದರೆ ಅದು ಎಷ್ಟು ಸುಲಭವಾಗಿ ಸೊಟ್ಟಗಾಗುತ್ತದೆಯೋ, ಛಾವಣಿಯಿಲ್ಲದ ಕಾರಿನ ಒಡಲೂ ಹಾಗೆಯೇ ತಿರುಚಿಕೊಳ್ಳಲು ಹವಣಿಸುತ್ತದೆ. ಅದನ್ನು ತಡೆಯಲು ತಯಾರಕರು ಬಾಗಿಲಿನ ಕೆಳಗಿನ ಸಿಲ್‌ಗಳನ್ನೂ ನೆಲದ ಅಡ್ಡಪಟ್ಟಿಗಳನ್ನೂ ದಪ್ಪಗೊಳಿಸುತ್ತಾರೆ. ನಾಲ್ಕು ಸೀಟಿನ ಕಾರಿನ ಛಾವಣಿ ಕತ್ತರಿಸಿ ಮಾಡಿದ ಕನ್ವರ್ಟಿಬಲ್, ಅದರ ಮುಚ್ಚಿದ ಸೋದರನಿಗಿಂತ ಸಾಮಾನ್ಯವಾಗಿ ಹೆಚ್ಚು ಭಾರವಿರುವುದು ಇದರಿಂದಲೇ. ಉಬ್ಬುತಗ್ಗಿನ ರಸ್ತೆಯಲ್ಲಿ ಸ್ಟಿಯರಿಂಗ್ ಮತ್ತು ಮುಂಗಾಜಿನ ಚೌಕಟ್ಟು ಸಣ್ಣಗೆ ಅದುರುವುದೂ ಇದರಿಂದಲೇ. ಹೀಗಾಗಿ ಬೇರೆ ಕಾರಿನಲ್ಲಿ ಸಿಲ್‌ಗೆ ಹಿಡಿದ ತುಕ್ಕು ದೋಷವಾದರೆ, ಇಲ್ಲಿ ಅದು ಬೆನ್ನುಮೂಳೆಯ ರೋಗ.

ಮೊದಲಿನಿಂದಲೂ ತೆರೆದ ಕಾರಾಗಿಯೇ ರೂಪಿಸಿದ ಎರಡು ಸೀಟಿನವನ್ನು ನಾನು ಹೆಚ್ಚು ಶಿಫಾರಸು ಮಾಡುತ್ತೇನೆ. 1989ರ ಷಿಕಾಗೊ ಆಟೊ ಶೋದಲ್ಲಿ ಮೊದಲು ಕಾಣಿಸಿಕೊಂಡ ಮಜ್ದಾ ಎಂಎಕ್ಸ್-5 ಇದಕ್ಕೆ ಒಳ್ಳೆಯ ಉದಾಹರಣೆ. ಆರಂಭದಲ್ಲಿ ಅದರ ಎಂಜಿನ್ ಕೇವಲ 1.6 ಲೀಟರಿನದು, ತೂಕ ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ, ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಓಡಿಸುವ ಸಂತೋಷಕ್ಕೆ ಕುದುರೆಶಕ್ತಿಗಿಂತ ಹಗುರತನ ಮುಖ್ಯವೆಂಬುದನ್ನು ಆ ಕಾರು ತೋರಿಸಿಕೊಟ್ಟಿತು. ವೇಗದ ಮಿತಿಯೊಳಗೇ ತಿರುವುಗಳನ್ನು ಸವಿಯಬಹುದು. 2016ರಲ್ಲಿ ಅದರ ತಯಾರಿಕೆ ಹತ್ತು ಲಕ್ಷ ದಾಟಿತು. ಎರಡನೇ ಕಾರು ಕೊಳ್ಳುವವರಿಗೆ ಈ ಸಂಖ್ಯೆಯಿಂದ ನೇರ ಲಾಭವಿದೆ, ಏಕೆಂದರೆ ಹೆಚ್ಚು ಮಾರಾಟವಾದ ಮಾದರಿಯ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ. ಅಪರೂಪದ ಮಾದರಿಯನ್ನು ಅಗ್ಗವಾಗಿ ಕೊಂಡು, ಒಂದು ರಬ್ಬರ್ ಪಟ್ಟಿಗಾಗಿ ತಿಂಗಳುಗಟ್ಟಲೆ ಕಾದು ಕುಳಿತವರನ್ನು ನಾನು ಕಂಡಿದ್ದೇನೆ.

ಈಗ ನೀರಿನ ವಿಷಯ. ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರೆಲ್ಲ ಹೊರಗೇ ಜಾರಿ ಹೋಗುವುದಿಲ್ಲ. ಅನೇಕ ವಿನ್ಯಾಸಗಳಲ್ಲಿ ಒಂದಷ್ಟು ನೀರು ಛಾವಣಿಯ ಹಿಂಬದಿಯ ಒಳಗಾಲುವೆಗೆ ಇಳಿದು, ಸೀಟುಗಳ ಹಿಂದೆ ಎರಡೂ ಮೂಲೆಗಳಲ್ಲಿರುವ ಕೊಳವೆಗಳ ಮೂಲಕ ಹಿಂಚಕ್ರದ ಮುಂದೆ ನೆಲಕ್ಕೆ ಬೀಳುತ್ತದೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ತರಗೆಲೆಯ ಚೂರೂ ಧೂಳೂ ಸೇರಿ ಈ ಕೊಳವೆ ಕಟ್ಟಿಕೊಂಡರೆ, ನೀರು ದಾರಿಯಿಲ್ಲದೆ ಕಾರ್ಪೆಟ್ಟಿನ ಅಡಿಗೂ ಸಿಲ್‌ನ ಒಳಗೂ ನುಗ್ಗುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಲೋಹ ಒಳಗಿನಿಂದ ತಿನ್ನಿಸಿಕೊಳ್ಳುತ್ತಾ ಬರುತ್ತದೆ. ಛಾವಣಿ ಮಡಚುವ ಮೋಟಾರನ್ನೇ ಈ ತಗ್ಗಿನಲ್ಲಿ ಕೂರಿಸಿದ ಮಾದರಿಗಳೂ ಇದ್ದು, ಅವುಗಳಲ್ಲಿ ಕಟ್ಟಿದ ಕೊಳವೆಯೊಂದು ಮೋಟಾರನ್ನೇ ಮುಳುಗಿಸಿಬಿಡುತ್ತದೆ. ಆದ್ದರಿಂದ ಪರೀಕ್ಷೆಗೆ ಹೋಗುವಾಗ ನಾನು ಒಂದು ಬಾಟಲಿ ನೀರು ಒಯ್ಯುತ್ತೇನೆ. ಮಾಲೀಕರ ಒಪ್ಪಿಗೆ ಪಡೆದು ಎರಡೂ ಕೊಳವೆಗಳಿಗೆ ನಿಧಾನವಾಗಿ ಸುರಿಯುತ್ತೇನೆ. ಕೆಲವೇ ಕ್ಷಣಗಳಲ್ಲಿ ಅದು ಕಾರಿನ ಕೆಳಗೆ ಕಾಣಿಸಿಕೊಳ್ಳಬೇಕು. ಒಪ್ಪಿಗೆ ಕೊಡಲು ಹಿಂಜರಿದ ಮಾಲೀಕರ ಕಾರುಗಳ ಬಗ್ಗೆ ನನ್ನ ಅನುಭವ ಅಷ್ಟೇನೂ ಹಿತವಾದದ್ದಲ್ಲ.

ಬಟ್ಟೆಯ ಪರೀಕ್ಷೆ ಇದಕ್ಕಿಂತ ಸುಲಭ. ಒಳಗೆ ಕುಳಿತು ಛಾವಣಿ ಮುಚ್ಚಿ, ಮಡಿಕೆ ಬೀಳುವ ಗೆರೆಗಳಲ್ಲಿ ಬೆಳಕು ತೂರುತ್ತದೆಯೇ ಎಂದು ನೋಡಿದರೆ ಸಾಕು. ಹಿಂಗಾಜು ಪ್ಲಾಸ್ಟಿಕ್ಕಿನದಾದರೆ ಚಳಿಯಲ್ಲಿ ಅದು ಗಡುಸಾಗಿ, ಮಡಚಿದಾಗ ಸೀಳುತ್ತದೆ. ಒದ್ದೆ ಛಾವಣಿಯನ್ನು ಮಡಚಿ ವಾರಗಟ್ಟಲೆ ಬಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ.

ಇವೆಲ್ಲ ದಾಟಿ ಕಾರು ಮನೆಗೆ ಬಂದ ಮೇಲೆ ಅದನ್ನು ಕೆಡಿಸುವುದು ಓಟವಲ್ಲ, ನಿಲುಗಡೆ. ಎರಡನೇ ಕಾರೆಂದರೆ ಹೆಚ್ಚು ದಿನ ನಿಂತೇ ಇರುವ ಕಾರು. ಗಡಿಯಾರ, ಅಲಾರಂ ಮೊದಲಾದವು ನಿಂತಲ್ಲೇ ಬ್ಯಾಟರಿಯನ್ನು ಹೀರುತ್ತವೆ; ವಿದ್ಯುತ್ ಸಂಪರ್ಕವಿರುವ ಕಡೆ ನಿಲ್ಲಿಸುವವರು ತಾನಾಗಿಯೇ ಚಾರ್ಜ್ ನಿಯಂತ್ರಿಸುವ ಸಣ್ಣ ಚಾರ್ಜರ್ ಒಂದನ್ನು ಜೋಡಿಸಿಟ್ಟರೆ ಒಳಿತು. ಬ್ರೇಕ್ ದ್ರವ ಗಾಳಿಯ ತೇವ ಹೀರುವ ಗುಣದ್ದಾದ್ದರಿಂದ, ಕಾರು ಎಷ್ಟೇ ಕಡಿಮೆ ಓಡಿದ್ದರೂ ಸುಮಾರು 2 ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಟೈರಿನ ಹಲ್ಲು ಹೊಸದರಂತೆ ಕಂಡರೂ ಅದರ ಬದಿಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕೆಗಳನ್ನು ಓದಿ: ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 2314 ಎಂದಿದ್ದರೆ ಅದು 2014ರ 23ನೇ ವಾರದ ಟೈರು. ಸವೆಯದಿದ್ದರೂ ಅದರ ರಬ್ಬರ್ ಮುದಿಯಾಗಿದೆ.

ವಾರಕ್ಕೊಮ್ಮೆ ಎಂಜಿನ್ ಶುರು ಮಾಡಿ ಐದು ನಿಮಿಷ ಬಿಟ್ಟು ನಿಲ್ಲಿಸುತ್ತೇವೆ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಅದು ಉಪಕಾರವಲ್ಲ. ಆಯಿಲ್ ಪೂರ್ತಿ ಬಿಸಿಯಾಗದೆ ಒಳಗೆ ಹನಿಗಟ್ಟಿದ ನೀರು ಆವಿಯಾಗುವುದಿಲ್ಲ, ಸ್ಟಾರ್ಟ್ ಮಾಡಲು ಬ್ಯಾಟರಿಯಿಂದ ತೆಗೆದದ್ದೂ ಪೂರ್ತಿ ಮರಳುವುದಿಲ್ಲ. ಎರಡು ವಾರಕ್ಕೊಮ್ಮೆಯಾದರೂ ಸರಿ, ಅರ್ಧ ಗಂಟೆಯ ಓಟ ಬೇಕು. ಬ್ರೇಕ್ ಡಿಸ್ಕಿನ ಮೇಲಿನ ತೆಳು ತುಕ್ಕು ಕೂಡ ಅಷ್ಟರಲ್ಲಿ ಉಜ್ಜಿ ಹೋಗುತ್ತದೆ.

ಬೆಲೆ ಮಾತಾಡುವ ಮುನ್ನ ಇನ್ನೊಂದು ಕೆಲಸವಿದೆ. ಛಾವಣಿ ಮುಚ್ಚಿಕೊಂಡು ಕನಿಷ್ಠ ಇಪ್ಪತ್ತು ನಿಮಿಷ ಓಡಿಸಿ ನೋಡಿ. ಕಾರು ತೋರಿಸುವವರು ಛಾವಣಿ ತೆರೆದೇ ಕೈಗೆ ಕೊಡುತ್ತಾರೆ; ತಲೆ ಬಟ್ಟೆಗೆ ತಾಗುತ್ತದೆಯೇ, ಹಿಂದಿನ ವಾಹನ ಕಾಣುತ್ತದೆಯೇ, ಗಾಳಿಯ ಸದ್ದಿನಲ್ಲಿ ಪಕ್ಕದವರ ಮಾತು ಕೇಳುತ್ತದೆಯೇ ಎಂಬುದು ಅದನ್ನು ಮುಚ್ಚಿದಾಗಲಷ್ಟೇ ತಿಳಿಯುತ್ತದೆ.